ಜಡತ್ವದ ರಾಯರು

ಹೈಸ್ಕೂಲಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿ ನಿವೃತ್ತರಾದವರಿಗೆ ಸರ್ಕಾರವು ವಿಶ್ರಾಂತಿವೇತನವನ್ನು ಕೊಡಬಲ್ಲುದೇ ಹೊರತು ವಿಶ್ರಾಂತಿಯನ್ನು ಕೊಡಲಾರದೆಂಬುದಕ್ಕೆ ನಮ್ಮ ಬೀದಿಯ ರಾಯರೇ ಸಾಕ್ಷಿ. ಮಗುವಿನ ಕೈಯಲ್ಲಿ ಆಟದ ಸಾಮಾನೊಂದು ಕಂಡಿತೆಂದರೆ, ಅದರಿಂದ ಪ್ರಕೃತಿಯ ನಿಯಮವೊಂದನ್ನು ಹಿಂಡಿ ತೆಗೆಯುವವರೆಗೆ ಅವರಿಗೆ ಕಾಫಿ ರುಚಿಸದು.

ಬೇಸಿಗೆಯ ರಜೆಗೆ ಬಂದ ಮೊಮ್ಮಗನಿಗೆಂದು ಅವರು ಚನ್ನಪಟ್ಟಣದಿಂದ ತಂದ, ಹಾಲೆಮರವನ್ನು ಕಡೆದು ಅರಗಿನ ಬಣ್ಣವೇರಿಸಿದ ಕೆಂಪು ಮೋಟಾರುಕಾರು ಚೀಲದಿಂದ ಹೊರಬಿದ್ದ ಕ್ಷಣವೇ ತಾತನ ವಶವಾಗಿ, ಮಗುವಿಗೆ ಪ್ರೇಕ್ಷಕನ ಪದವಿ ಮಾತ್ರ ಉಳಿಯಿತು. ಹಲಗೆಯೊಂದರ ತುದಿಗೆ ಹಳೆಯ ಪಂಚಾಂಗವನ್ನು ಕೊಟ್ಟು ಇಳಿಜಾರು ಸಿದ್ಧವಾಯಿತು. ಗೋಣಿ ಹಾಸಿದಾಗ ಕಾರು ತಡವರಿಸಿದ್ದು ಘರ್ಷಣೆಯ ಪ್ರತಾಪವೆಂದೂ, ಗೋಣಿ ತೆಗೆದು ಅಚ್ಚಿಗೆ ಕೊಬ್ಬರಿ ಎಣ್ಣೆ ಬಿಟ್ಟ ಮೇಲೆ ಧಾವಿಸಿದ್ದು ಅದರ ಪರಾಭವವೆಂದೂ ನಿರೂಪಿತವಾಯಿತು. ಗೆಲಿಲಿಯೋ ಮಹಾಶಯನು ಇಳಿಜಾರಿನಲ್ಲಿ ಗುಂಡನ್ನು ಉರುಳಿಸಿ, ಪಾತ್ರೆಯಿಂದ ಸಣ್ಣಗೆ ಸುರಿದ ನೀರನ್ನು ತೂಗಿ ಕಾಲವನ್ನಳೆದ ಸಂಗತಿಯು 1638ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿರುವುದರಿಂದ, ಗೋಡೆಗಡಿಯಾರ ಎದುರಿಗಿದ್ದರೂ ರಾಯರು ತಾಮ್ರದ ತಂಬಿಗೆಯ ತಳಕ್ಕೆ ತೂತು ಕೊರೆದರು. ಸಮಕಾಲಗಳಲ್ಲಿ ಕ್ರಮಿಸುವ ದೂರಗಳು ಒಂದು, ಮೂರು, ಐದು, ಏಳರಂತೆ ಬೆಳೆಯುವುವೆಂದು ಅವರು ಹೇಳಿ ಮುಗಿಸುವಷ್ಟರಲ್ಲಿ ನೀರು ಅಡುಗೆಮನೆಯನ್ನು ಮುಟ್ಟಿತ್ತು, ಮೊಮ್ಮಗನು ಆಕಳಿಸುತ್ತಿದ್ದನು.

ಆಗ ರಾಯರು ನ್ಯೂಟನ್ನನ ಮೊರೆಹೊಕ್ಕರು. ಕಾರಿನ ನೆತ್ತಿಯ ಮೇಲೆ ಬೆಲ್ಲದ ಚೂರೊಂದನ್ನು ಪ್ರಯಾಣಿಕನನ್ನಾಗಿ ಕೂರಿಸಿ ಇಳಿಬಿಡಲು, ಕಾರು ಹೊಸ್ತಿಲಿಗೆ ಬಡಿದು ನಿಂತಿತು. ನಿಲ್ಲೆಂದು ಯಾರೂ ಹೇಳದಿದ್ದ ಬೆಲ್ಲವು ಮುಂದಕ್ಕೆ ಹಾರಿ ಆಚೆ ಬಿದ್ದಿತು. "ನೋಡಿದೆಯೇನೋ, ಇದೇ ಜಡತ್ವ!" ಎಂದು ಅವರು ಗರ್ಜಿಸುವುದರೊಳಗೆ ಚೂರು ಮಾಯವಾಗಿತ್ತು. "ತಾತಾ, ಇನ್ನೊಂದು ಸಲ ಜಡತ್ವ ಮಾಡು" ಎಂದನು ಶಿಷ್ಯ.

ಎತ್ತರವು ನಾಲ್ಮಡಿಯಾದರೆ ವೇಗವು ಇಮ್ಮಡಿಯಾಗುವುದೆಂಬ ಸೂತ್ರವನ್ನು ರಾಯರು ಸೀಮೆಸುಣ್ಣದಿಂದ ಬಾಗಿಲಿನ ಮೇಲೆ ಬರೆಯುತ್ತಿರುವಾಗಲೇ, ಒಂದು ಪಂಚಾಂಗವಿದ್ದಲ್ಲಿ ನಾಲ್ಕು ಪಂಚಾಂಗಗಳನ್ನು ಕಂಡ ಹುಡುಗನು, ಸೂತ್ರದ ಗೊಡವೆಗೆ ಹೋಗದೆ, ಗೇಣುದೂರದಲ್ಲಿ ಹಿಡಿದಿದ್ದ ಬೊಗಸೆಯನ್ನು ಎರಡು ಗೇಣಿಗೆ ಸರಿಸಿಕೊಂಡು ಕುಳಿತನು. ಬೆಲ್ಲವು ನೇರವಾಗಿ ಬೊಗಸೆಗೇ ಬಿದ್ದಿತು. ಇದು ತಮ್ಮ ವ್ಯಾಖ್ಯಾನದ ಫಲವೆಂದು ರಾಯರು ಪುಲಕಿತರಾದರು. ಆ ಪಾಠವನ್ನು ಬೋಧಿಸಿದ್ದು ಬೆಲ್ಲವೆಂಬುದನ್ನು ಅವರಿಗೆ ತಿಳಿಸುವ ನಿಷ್ಕರುಣೆ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಒರೆಸುವ ಬಟ್ಟೆಯೊಡನೆ ಬಂದ ಅವರ ಪತ್ನಿಯವರು ತೂತಾದ ತಂಬಿಗೆಯನ್ನೂ ಬರಿದಾದ ಡಬ್ಬಿಯನ್ನೂ ನೋಡಿ, "ದ್ರವ್ಯ ಎಂದಿಗೂ ನಾಶವಾಗೋದಿಲ್ಲ ಅಂತ ಜನ್ಮವೆಲ್ಲ ಪಾಠ ಹೇಳಿದಿರಲ್ಲ, ಇದರ ತುಂಬ ಇದ್ದ ಬೆಲ್ಲ ಎಲ್ಲಿ ಹೋಯಿತು ಹೇಳಿ ನೋಡೋಣ" ಎಂದರು. ರಾಯರು ಗುರುಜನರಿಗೆ ಸಹಜವಾದ ಅಭ್ಯಾಸಬಲದಿಂದ ಪ್ರಶ್ನೆಯನ್ನು ಶಿಷ್ಯನಿಗೆ ದಾಟಿಸಿದರು. ಎರಡು ಕೆನ್ನೆಗಳೂ ಉಬ್ಬಿದ್ದ ಶಿಷ್ಯನು ಉತ್ತರವನ್ನು ಬಲ್ಲವನಾಗಿದ್ದರೂ ಬಾಯಿ ತೆರೆಯುವ ಸ್ಥಿತಿಯಲ್ಲಿರಲಿಲ್ಲ.