ಬೆಲ್ ಇಲ್ಲದ ಕ್ಲಾಸು

ಟೀಚರ್ ಕೆಲಸ ಬಿಟ್ಟು ಮ್ಯೂಸಿಯಂ ಸೇರುತ್ತೇನೆ ಎಂದು ನಮ್ಮ ಅತ್ತಿಗೆ ಹೇಳಿದಾಗ ಡೊಂಬಿವಲಿಯ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ ಸಂಬಳದ್ದಲ್ಲ, ಮೇ ರಜೆಯದ್ದು. ಮುಂಬಯಿಯ ನಮ್ಮಂಥವರಿಗೆ ಮೇ ಎಂದರೆ ಮತ್ಸ್ಯಗಂಧಾ ಎಕ್ಸ್‌ಪ್ರೆಸ್, ಊರಿನ ಮಾವು, ಹಲಸು, ಮದುವೆ, ಕೋಲ. ಮ್ಯೂಸಿಯಮ್ಮಿಗೋ ಮೇ ತಿಂಗಳೇ ಸುಗ್ಗಿ. ಮಕ್ಕಳಿಗೆ ಬೇಸಿಗೆ ಶಿಬಿರ, ಭಾನುವಾರ ಜಾತ್ರೆ. "ಹಾಗಾದ್ರೆ ಹಲಸಿನ ಹಪ್ಪಳಕ್ಕೆ ಕೈ ಕೂಡಿಸುವವರು ಯಾರು?" ಎಂದು ಉಡುಪಿ ಕಡೆಯಿಂದ ಅಮ್ಮ ಫೋನಿನಲ್ಲಿ ಕೇಳಿದರು. ಸ್ವಲ್ಪ ತಡೆದು, "ಅಲ್ಲ ಮಾರಾಯ್ತಿ, ಅಲ್ಲಿ ಟೀಚರಿಗೆ ಎಂತ ಕೆಲಸ? ಬೊಂಬೆಗಳ ಧೂಳು ಒರೆಸುವುದಾ?"

ಹಾಗೆ ನೋಡಿದರೆ ಅತ್ತಿಗೆ ಹಿಡಿದದ್ದು ಸವೆದ ದಾರಿಯೇ. ಬೈಕಲಾದ ರಾಣಿಬಾಗಿನಲ್ಲಿ ಪೆಂಗ್ವಿನ್ ನೋಡಲು ಬಂದವರು ಬಿಸಿಲಿಗೆ ಹೆದರಿ ಒಳಹೊಕ್ಕುವ ಮ್ಯೂಸಿಯಂ ಇದೆಯಲ್ಲ, 1872ರಲ್ಲಿ ಬಾಗಿಲು ತೆರೆದದ್ದು, ಅದಕ್ಕೀಗ ಡಾ. ಭಾವು ದಾಜಿ ಲಾಡ್ ಅವರ ಹೆಸರು. ಡಾಕ್ಟರಾಗುವ ಮೊದಲು ಅವರು ಎಲ್ಫಿನ್‌ಸ್ಟನ್‌ನಲ್ಲಿ ಮೇಷ್ಟ್ರು. 1865ರಲ್ಲಿ ಜೆ.ಜೆ. ಕಲಾಶಾಲೆಗೆ ಪಾಠ ಹೇಳಲು ಬಂದ ಲಾಕ್‌ವುಡ್ ಕಿಪ್ಲಿಂಗ್ ಹತ್ತು ವರ್ಷ ಕಳೆದು ಲಾಹೋರಿಗೆ ಹೋದ. ಅಲ್ಲಿ ಕಲಾಶಾಲೆಯ ಜೊತೆಗೆ ಮ್ಯೂಸಿಯಮ್ಮಿನ ಯಜಮಾನಿಕೆಯೂ ಅವನದಾಯಿತು. ಅವನ ಮಗ ರುಡ್ಯಾರ್ಡ್ ಮುಂದೆ ಬರೆದ 'ಕಿಮ್' ಕಾದಂಬರಿ ಶುರುವಾಗುವುದೇ ಆ ಮ್ಯೂಸಿಯಮ್ಮಿನ ಎದುರು. ನಮ್ಮ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರೂ ಜೆ.ಜೆ.ಯಲ್ಲಿ ಕಲಿತು, ಅಲ್ಲೇ ಕೆಲವು ವರ್ಷ ಕಲಿಸಿ, ಕೊನೆಗೆ ಕೆಲಸ ಬಿಟ್ಟು ಕುಂಚ ನಂಬಿದವರು. ಅವರಿಗೆ ಪದ್ಮಭೂಷಣ ಬಂತೆಂದು ಅಮ್ಮನಿಗೆ ತಿಳಿಸಿದೆ. "ಅವರು ಚಿತ್ರ ಬಿಡಿಸಿದ್ರು. ಇವಳು ಬಿಡಿಸುವುದು ಗಂಟು ಮಾತ್ರ," ಎಂದರು ಅಮ್ಮ.

ಅತ್ತಿಗೆ ಮ್ಯೂಸಿಯಾಲಜಿ ಡಿಪ್ಲೊಮಾ ಮಾಡಿದರು, ಮ್ಯೂಸಿಯಮ್ಮಿನ ಶಿಕ್ಷಣ ವಿಭಾಗದಲ್ಲಿ ಕೆಲಸವೂ ಆಯಿತು. ಕಷ್ಟ ಬಂದದ್ದು ಬೇರೆ ಕಡೆಯಿಂದ. ಶಾಲೆಯಲ್ಲಿ ಮಕ್ಕಳು ಪೂರ್ತಿ ಪೀರಿಯಡ್ಡು ಕೂರುವುದು ಪಾಠ ಚೆನ್ನಾಗಿದೆ ಎಂದಲ್ಲ, ಬೆಲ್ ಹೊಡೆದಿಲ್ಲ ಎಂದು. ಅದು ಯಾವ ಟೀಚರಿಗೂ ಗೊತ್ತಾಗುವುದಿಲ್ಲ, ಗೊತ್ತಾಗದಿರುವುದೇ ಕ್ಷೇಮ. ಮ್ಯೂಸಿಯಮ್ಮಿನಲ್ಲಿ ಟಿಕೆಟು ಕೊಂಡವರು ಅರ್ಧ ವಾಕ್ಯದಲ್ಲೇ ಕೈಬಿಟ್ಟು ಹೋಗುತ್ತಾರೆ. ಹಾಜರಿ ಪುಸ್ತಕವಿಲ್ಲ, ಹೆಡ್‌ಮಾಸ್ಟರ ಹೆದರಿಕೆಯಿಲ್ಲ. ಅತ್ತಿಗೆ ಮೊದಲ ತಂಡಕ್ಕೆ ಚಾಲುಕ್ಯರ ವಂಶಾವಳಿಯಿಂದ ಪಾಠ ಶುರುಮಾಡಿದರಂತೆ. ಎರಡನೆಯ ಪುಲಕೇಶಿಗೆ ಬಂದು ತಲುಪಿದಾಗ ಎದುರಿಗಿದ್ದದ್ದು ಒಬ್ಬರೇ ಅಜ್ಜ. ಅವರಿಗೂ ಬೇಕಾಗಿದ್ದದ್ದು ಶೌಚಾಲಯದ ದಾರಿ.

ಆಮೇಲೆ ಅತ್ತಿಗೆ ಬಾಯಿ ಮುಚ್ಚುವುದನ್ನು ಕಲಿತರು. ನಮ್ಮ ಮನೆಯಲ್ಲಿ ಇದನ್ನು ಯಾರೂ ನಂಬಲಿಲ್ಲ.

ನಾನು ಕಣ್ಣಾರೆ ಕಂಡದ್ದು ಫೋರ್ಟಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿ. ತಮ್ಮ ಹಳೆಯ ಶಾಲೆಯ ಮಕ್ಕಳನ್ನು ಅತ್ತಿಗೆ ಅಲ್ಲಿಗೆ ಕರೆದುಕೊಂಡು ಹೊರಟಿದ್ದರು; ಬಾಲ ಹಿಡಿದು ನಾನೂ ಹೋದೆ. 1905ರಲ್ಲಿ ಅಡಿಗಲ್ಲು ಬಿದ್ದ ಆ ಕಟ್ಟಡ ಮಹಾಯುದ್ಧದಲ್ಲಿ ಸೈನಿಕರ ಆಸ್ಪತ್ರೆಯಾಗಿದ್ದು, ಮ್ಯೂಸಿಯಂ ಆಗಿ ತೆರೆದದ್ದು 1922ರಲ್ಲಿ. ಜಾರ್ಜ್ ವಿಟೆಟ್ ಅದರ ನೆತ್ತಿಯ ಮೇಲಿಟ್ಟ ಗುಮ್ಮಟಕ್ಕೆ ನಮ್ಮ ವಿಜಾಪುರದ ಗೋಲಗುಮ್ಮಟವೇ ಮಾದರಿ. ಅಲ್ಲಿಯ ಮಾರ್ದನಿಯನ್ನು ಅವನು ತರಲಿಲ್ಲ. ತಂದಿದ್ದರೆ ಶಾಲಾಮಕ್ಕಳು ಬಂದ ದಿನ ಕಾವಲುಗಾರರು ರಾಜೀನಾಮೆ ಕೊಡಬೇಕಾಗುತ್ತಿತ್ತು.

ಒಳಗೆ ಐಹೊಳೆಯಿಂದ ಬಂದ ದೊಡ್ಡ ಶಿಲಾಫಲಕಗಳಿವೆ. ಒಂದರಲ್ಲಿ ಬ್ರಹ್ಮ, ಇನ್ನೊಂದರಲ್ಲಿ ಶೇಷನ ಮೇಲೆ ಒರಗಿದ ವಿಷ್ಣು. ಅತ್ತಿಗೆ ರಾಜನ ಹೆಸರೂ ಹೇಳಲಿಲ್ಲ, ಇಸವಿಯೂ ಹೇಳಲಿಲ್ಲ. "ಗುಡಿಯಲ್ಲಿ ಇದು ಎಲ್ಲಿತ್ತು ಅಂತ ಹೇಳಿ ನೋಡುವ," ಎಂದು ಸುಮ್ಮನೆ ನಿಂತರು. ಬಾಗಿಲ ಹತ್ತಿರ ಎಂದಳು ಒಬ್ಬಳು. ಗರ್ಭಗುಡಿಯ ಹಿಂದೆ ಎಂದ ಇನ್ನೊಬ್ಬ. ಅತ್ತಿಗೆಯ ಗಂಟಲಲ್ಲಿ ಉತ್ತರ ಕುಣಿಯುತ್ತಿದ್ದದ್ದು ನನಗೇ ಕಾಣುತ್ತಿತ್ತು. ಆಗ ಕೊನೆಯ ಬೆಂಚಿನ ಗಿರಾಕಿಯಂತಿದ್ದ ಹುಡುಗನೊಬ್ಬ ಸೀದಾ ನೆಲದ ಮೇಲೆ ಅಂಗಾತ ಮಲಗಿ, ಕಣ್ಣು ಕಿರಿದು ಮಾಡಿ, "ಫ್ಯಾನ್ ಹಾಕುವ ಜಾಗದಲ್ಲಿ, ಟೀಚರ್!" ಎಂದ.

ನೂರಕ್ಕೆ ನೂರು. ಅವು ಗುಡಿಯ ಮಾಡಿನ ಒಳಮೈಯ ಕಲ್ಲುಗಳು. ಕತ್ತೆತ್ತಿ ನೋಡಬೇಕಾದ ದೇವರುಗಳನ್ನು ಇಲ್ಲಿ ಕಣ್ಣೆದುರು ತಂದು ನಿಲ್ಲಿಸಿದ್ದಾರೆ. ನೋಡುತ್ತಿದ್ದಂತೆ ಇಡೀ ಕ್ಲಾಸು ನೆಲಕ್ಕೆ ಬಿತ್ತು. ಕಾವಲುಗಾರ "ಉಠೋ, ಉಠೋ" ಎನ್ನುತ್ತ ಓಡಿಬಂದವನು, ಮಕ್ಕಳೆಲ್ಲ ಒಂದೇ ಕಡೆ ನೋಡುತ್ತಿದ್ದದ್ದನ್ನು ಕಂಡು ತಾನೂ ಒಮ್ಮೆ ತಲೆ ವಾಲಿಸಿ ನೋಡಿದ.

ಈಗ ಅತ್ತಿಗೆಯ ಮುಖ್ಯ ಕೆಲಸ ವಸ್ತುಗಳ ಪಕ್ಕದ ವಿವರಣೆ ಚೀಟಿ ಬರೆಯುವುದು. ಐದು ಅಂಕದ ಪ್ರಶ್ನೆಗೆ ಒಂದೂವರೆ ಪುಟ ಬರೆಯಿರಿ ಎನ್ನುತ್ತಿದ್ದವರೇ ಈಗ ಒಂದೊಂದು ಪದಕ್ಕೂ ಕತ್ತರಿ ಹಿಡಿದು ಕೂರುತ್ತಾರೆ. ಮನೆಯಲ್ಲೂ ಬಿಡುವುದಿಲ್ಲ, ಅಣ್ಣನ ವಾಟ್ಸಾಪ್ ಸಂದೇಶಗಳು ಅರ್ಧಕ್ಕೆ ಇಳಿದಿವೆ. ಈ ಬರಹವನ್ನೂ ಒಮ್ಮೆ ನೋಡಿ ಎಂದು ಕೊಟ್ಟೆ. ಕಿಪ್ಲಿಂಗನ ಸಾಲುಗಳ ಪಕ್ಕ ಪೆನ್ಸಿಲ್ಲಿನಿಂದ ಗೀಟು ಎಳೆದು, "ಇಷ್ಟುದ್ದ ಬೇಡ, ನಿಂತು ಓದುವವರಿಗೆ ಕಾಲು ನೋಯುತ್ತದೆ," ಎಂದರು.