ಶಕ್ತಿಮಾನನ ಪುನರಾಗಮನ

1997ರಲ್ಲಿ ದೂರದರ್ಶನದಲ್ಲಿ ಅವತರಿಸಿ, 2005ರಲ್ಲಿ ಅಂತರ್ಧಾನನಾಗಿ, 2020ರ ಏಪ್ರಿಲಿನಲ್ಲಿ ಸಮಸ್ತ ಭರತಖಂಡವೂ ಗೃಹಬಂಧನದಲ್ಲಿದ್ದಾಗ ಹಳೆಯ ಕಂತುಗಳ ರೂಪದಲ್ಲಿಯೇ ಪ್ರತ್ಯಕ್ಷನಾದ ಧಾರಾವಾಹಿಯ ಮಹಾವೀರ ಶಕ್ತಿಮಾನನನ್ನು ಕುರಿತು, ಶಹಾಪುರದ ಮಲಗಿದ ಬುದ್ಧನ ಬೆಟ್ಟ ಕಾಣುವ ಮನೆಯೊಂದರಲ್ಲಿ, ಮಾರು ದೂರ ಕುಳಿತ ಗೌಡರಿಗೂ ನೆರೆಮನೆಯ ಮಾಸ್ತರರಿಗೂ ನಡೆದ ಸಂವಾದವನ್ನು ಯಥಾವತ್ತಾಗಿ ನಿವೇದಿಸುತ್ತೇನೆ.

"ಮಾಸ್ತರ್ರೇ, ಅಂದು ನಮಗೆ ರೋಮಾಂಚನವುಂಟುಮಾಡಿದ ಆ ಗಿರಗಿರ ಭ್ರಮಣ ಇಂದು ಬರೀ ಬುಗುರಿಯಾಟದಂತೆ ಕಾಣತದಲ್ಲರೀ!"

"ಬದಲಾದದ್ದು ಅವನಲ್ಲ ಗೌಡ್ರೇ, ನಿಮ್ಮ ಚಾಳೀಸು. ಭಾನುವಾರ ಮಧ್ಯಾಹ್ನ ಕರೆಂಟು ಹೋದರೆ, ಇದು ಅವನ ವೈರಿ ತಮರಾಜ ಕಿಲ್ವಿಷನದೇ ಕೃತ್ಯವೆಂದು ಲೈನ್‌ಮನ್ನನನ್ನು ಶಪಿಸಿದವರು ತಾವೇ."

"ಹಾಗಾದರೆ ಹೊಸದಾಗಿ ತೆಗೆಯಲಿ."

"ಹೊಸ ನಟನೊಡನೆ?"

"ಛೇ ಛೇ! ಮುಕೇಶ್ ಖನ್ನಾರಲ್ಲದೆ ಅನ್ಯರು ಆ ಉಡುಪು ತೊಟ್ಟರೆ ಈ ಟೀವಿಯನ್ನೇ ಸುರಪುರದ ಸಂತೆಗೆ ಒಯ್ದು ಮಾರತೇನ್ರಿ."

ಹಳೆಯದು ಹಳತೆಂದು, ಹೊಸದು ಹೊಸತೆಂದು ಏಕಕಾಲದಲ್ಲಿ ತಿರಸ್ಕರಿಸಬಲ್ಲ ಈ ನ್ಯಾಯಶಾಸ್ತ್ರವು ಅಭಿಮಾನಿಗಳಿಗಲ್ಲದೆ ಅನ್ಯರಿಗೆ ದಕ್ಕುವಂಥದಲ್ಲ.

ಲಾಕ್‌ಡೌನಿಗೆ ಮುನ್ನ ಯಾದಗಿರಿಯಿಂದ ಬಂದು ಇಲ್ಲಿಯೇ ಸಿಕ್ಕಿಬಿದ್ದಿದ್ದ ಮೊಮ್ಮಗ ತಲೆಯೆತ್ತಿದ: "ಮುತ್ಯಾ, ಶಕ್ತಿಮಾನ ಗಂಗಾಧರನ ವೇಷದಾಗ ಪೇಪರಿನ ಫೋಟೋಗ್ರಾಫರ್ ಅಂತೀ, ಅವನ ಕೈಯಾಗ ಮೊಬೈಲ್ ಯಾಕಿಲ್ಲ?"

ಇಬ್ಬರೂ ಉತ್ತರವನ್ನು ಹುಡುಕುತ್ತಿರುವಷ್ಟರಲ್ಲಿ ಕರೆಂಟು ಹೋಯಿತು.