ತುಪ್ಪ ಬಿಟ್ಟವರ ಲಕ್ಷಣ

ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರುಗಳಲ್ಲಿ ಈಚೆಗೆ ಕಾಣಿಸಿಕೊಂಡಿರುವ ನವ ವೀಗನ್ ಎಂಬ ವ್ಯಕ್ತಿಯನ್ನು ಸಸ್ಯಾಹಾರಿ ಎಂದು ಕರೆದರೆ, ಮಾಂಸಾಹಾರಿ ಎಂದು ಕರೆದುದಕ್ಕಿಂತ ಹೆಚ್ಚು ನೋವು ಆತನಿಗಾಗುತ್ತದೆ. ಸಸ್ಯಾಹಾರಿ ಮಾಂಸವನ್ನಷ್ಟೇ ಬಿಟ್ಟವನು. ವೀಗನ್ ಹಾಲು, ಮೊಸರು, ತುಪ್ಪ, ಜೇನುಗಳ ಜೊತೆಗೆ ತೊಗಲು, ಉಣ್ಣೆ, ರೇಷ್ಮೆಗಳನ್ನೂ, ಅಂದರೆ ಪ್ರಾಣಿಯಿಂದ ಬಂದುದೆಲ್ಲವನ್ನೂ ತ್ಯಜಿಸಿದವನು. ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು 1944ರಲ್ಲಿ ಈ ಹೆಸರಿನ ಸಂಘ ಕಟ್ಟಿದರಾದರೂ, ಅದು ಈ ಸೀಮೆಗೆ ಇಳಿದದ್ದು ಪುಸ್ತಕದಿಂದಲ್ಲ, ಹೊಳೆಯಾಚೆಯ ವಿರೂಪಾಪುರ ಗಡ್ಡೆಯಲ್ಲಿ ವಿದೇಶಿ ಪ್ರವಾಸಿಗರಿಗಾಗಿ ನೇತುಹಾಕಿದ್ದ ಮೆನು ಹಲಗೆಗಳಿಂದ ಎಂದು ಊಹಿಸಲು ಅವಕಾಶವಿದೆ. ಸುಪ್ರೀಂ ಕೋರ್ಟಿನ ತೀರ್ಪಿನ ಮೇರೆಗೆ 2020ರಲ್ಲಿ ಗಡ್ಡೆಯ ಕಟ್ಟಡಗಳು ನೆಲಸಮವಾದವು. ಆ ಹಲಗೆಗಳ ಹಮ್ಮಸ್ ಎಂಬ ಕಡಲೆಯ ಚಟ್ನಿ ಮಾತ್ರ ಬದುಕಿಕೊಂಡು ಸಾಣಾಪುರದ ಕಡೆಗೆ ಸರಿಯಿತು.

ಈ ವ್ಯಕ್ತಿಯ ಮೊದಲ ಲಕ್ಷಣವೆಂದರೆ, ತಾನು ಹುಟ್ಟಿ ಬೆಳೆದ ಅಡುಗೆಮನೆಯ ಮುಕ್ಕಾಲು ಪಾಲು ಆಗಲೇ ವೀಗನ್ ಆಗಿದೆಯೆಂಬುದು ಅವನ ಗಮನಕ್ಕೆ ಬಾರದಿರುವುದು. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಹಿಂಡಿ, ಬೆಳಗಿನ ಮಂಡಾಳು ಒಗ್ಗರಣಿ, ಅದರ ಬಗಲಿನ ಮಿರ್ಚಿ, ಇವುಗಳಲ್ಲಿ ಯಾವುದಕ್ಕೂ ಆಕಳನ್ನಾಗಲಿ ಎಮ್ಮೆಯನ್ನಾಗಲಿ ಕೇಳಬೇಕಾದ ಪ್ರಮೇಯವಿಲ್ಲ. ಆದರೂ ಆತ ಬೆಂಗಳೂರಿನಿಂದ ಟೋಫು, ಅಂದರೆ ಸೋಯಾ ಹಾಲನ್ನು ಒಡೆಸಿ ಪನೀರಿನಂತೆ ಗಟ್ಟಿಮಾಡಿದ ಪದಾರ್ಥವನ್ನು, ಐಸಿನ ಡಬ್ಬಿಯಲ್ಲಿಟ್ಟು ರಾತ್ರಿ ಬಸ್ಸಿನಲ್ಲಿ ತರುತ್ತಾನೆ. ಹಾಲು, ಮೊಸರು, ತುಪ್ಪ ಯಾವುದೂ ಸಲ್ಲದೆಂದು ಆತ ಮೊದಲ ದಿನ ಪಟ್ಟಿ ಒಪ್ಪಿಸಿದಾಗ ಇಂಥ ಮನೆಗಳ ತಾಯಂದಿರು ಸಾಮಾನ್ಯವಾಗಿ ಕೊಡುವ ಉತ್ತರ ಇದು: “ನಿಮ್ಮಜ್ಜಿ ಬಡತನದಾಗ ಉಂಡದ್ದನ್ನ ಉಣ್ತೀನಿ ಅನ್ನು, ಸುಮ್ಮನ ಇಂಗ್ಲೀಷ್ ಯಾಕ?”

ಮೊಸರಿನ ಸಮಸ್ಯೆ ಬೇರೆಯೇ. ರೊಟ್ಟಿಯ ಊಟವನ್ನು ಮೊಸರನ್ನದಲ್ಲಿ ಮುಗಿಸಿ ರೂಢಿಯಾದ ನಾಲಿಗೆ ಸಿದ್ಧಾಂತಕ್ಕೆ ಬೇಗ ಬಗ್ಗುವುದಿಲ್ಲವಾದ್ದರಿಂದ, ಆತ ರಾತ್ರಿ ನೆನೆಸಿದ ಶೇಂಗಾದ ಸಿಪ್ಪೆ ತಿಕ್ಕಿ ತೆಗೆದು, ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಹೆಪ್ಪಿನ ಬದಲು ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಹಾಕಿ ಮುಚ್ಚಿಡುತ್ತಾನೆ. ತೊಟ್ಟಿನ ಮೇಲೆ ಸಹಜವಾಗಿಯೇ ಇರುವ ಸೂಕ್ಷ್ಮಜೀವಿಗಳು ಆ ರಸವನ್ನು ಹುಳಿಗೊಳಿಸಿ ಹೆಪ್ಪುಗಟ್ಟಿಸುತ್ತವೆ. ಹೊಸಪೇಟೆಯ ಬೇಸಿಗೆಯಲ್ಲಿ ಅವು ಸ್ವಲ್ಪ ಅತಿಯಾಗಿಯೇ ದುಡಿಯುತ್ತವೆ. ಬೆಳಿಗ್ಗೆ ರುಚಿ ನೋಡಿದ ತಾಯಿ, “ಮಸರೇನೋ ಆಗೇತಿ, ಶೇಂಗಾ ಮಾತ್ರ ಇನ್ನೂ ಒಪ್ಪಿಕೊಂಡಿಲ್ಲ” ಎನ್ನುತ್ತಾಳೆ. ರುಬ್ಬಿದ ಪಾತ್ರೆ, ಸೋಸಿದ ಬಟ್ಟೆ, ಒಲೆಯ ಮೇಲೆ ಉಕ್ಕಿದ ನೊರೆ ಇವನ್ನೆಲ್ಲ ತೊಳೆಯುವವಳೂ ಅವಳೇ. ಈ ಶ್ರಮದ ಬಗ್ಗೆ ಇವನ ಅಹಿಂಸಾಶಾಸ್ತ್ರದಲ್ಲಿ ಅಧ್ಯಾಯವಿಲ್ಲ.

ಎರಡನೆಯ ಲಕ್ಷಣ ಚರಿತ್ರೆಯನ್ನು ಬೇಕಾದಷ್ಟೇ ಬಡಿಸಿಕೊಳ್ಳುವುದು. ಬಂಧುಗಳನ್ನು ಹಂಪಿಗೆ ಕರೆದೊಯ್ದಾಗ ಆತ ಮಹಾನವಮಿ ದಿಬ್ಬದ ಮುಂದೆ ನಿಂತು, ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನನ್ನು ಸಾಕ್ಷಿಗೆ ಕರೆದು, ಕೃಷ್ಣದೇವರಾಯ ದಿನವೂ ನಸುಕಿನಲ್ಲಿ ಎಳ್ಳೆಣ್ಣೆ ಕುಡಿದು ಸಾಮು ಮಾಡುತ್ತಿದ್ದನೆಂದೂ, ಆ ಮೈಕಟ್ಟಿಗೆ ತುಪ್ಪ ಕಾರಣವಲ್ಲವೆಂದೂ ವಿವರಿಸುತ್ತಾನೆ. ಎಣ್ಣೆಯ ಮಾತು ಪಾಯೆಸ್‌ನಲ್ಲಿ ಇರುವುದು ನಿಜ. ಅದೇ ಪಾಯೆಸ್ ಮಹಾನವಮಿಯ ಕೊನೆಯ ದಿನ 250 ಕೋಣಗಳೂ 4500 ಕುರಿಗಳೂ ಬಲಿಯಾದುದನ್ನು ಬರೆದಿರುವುದೂ, ತರುವಾಯ ಬಂದ ಇನ್ನೊಬ್ಬ ಪೋರ್ಚುಗೀಸ್ ನೂನಿಜ್ ಇಲ್ಲಿನ ಅರಸರು ದನದ ಮಾಂಸವೊಂದನ್ನು ಬಿಟ್ಟು ಗುಬ್ಬಿ, ಇಲಿ, ಬೆಕ್ಕುಗಳವರೆಗೆ ಎಲ್ಲವನ್ನೂ ತಿನ್ನುತ್ತಿದ್ದರೆಂದಿರುವುದೂ ಅಷ್ಟೇ ನಿಜ. ಆ ಪುಟಗಳು ಬರುವ ಹೊತ್ತಿಗೆ ಬಿಸಿಲೇರಿರುವುದರಿಂದ ಬಂಧುಗಳು ಎಳನೀರಿನ ಕಡೆ ತಿರುಗಿರುತ್ತಾರೆ.

ಪುರಾಣದ ವಿಷಯದಲ್ಲಿ ಆತ ಇನ್ನೂ ಧಾರಾಳಿ. ಕುಮಾರಸ್ವಾಮಿ ತಾಯಿಯ ಮೇಲೆ ಮುನಿದು, ಕುಡಿದ ಎದೆಹಾಲನ್ನು ಕಕ್ಕಿ ಸಂಡೂರಿನ ಬೆಟ್ಟಕ್ಕೆ ಬಂದು ನೆಲೆಸಿದನೆಂದು ಜನ ಹೇಳುತ್ತಾರೆ. ಈ ಕಾರಣದಿಂದ ಅವನೇ ಲೋಕದ ಮೊದಲ ವೀಗನ್ ಎಂಬುದು ಈತನ ಸಂಶೋಧನೆ. ತಾಯಿ ತನ್ನ ಕೂಸಿಗೆ ಕೊಡುವ ಹಾಲನ್ನು ವೀಗನ್ ಶಾಸ್ತ್ರ ಎಲ್ಲಿಯೂ ನಿಷೇಧಿಸಿಲ್ಲವಷ್ಟೆ. ಮೇಲಾಗಿ ನವಿಲನ್ನೇರಿ ಸಂಚರಿಸುವ ದೇವರು, ಪ್ರಾಣಿಗಳಿಂದ ದುಡಿಸಿಕೊಳ್ಳುವುದರ ವಿರುದ್ಧ ಒಳ್ಳೆಯ ಸಾಕ್ಷಿಯಾಗಲಾರ.

ವಸ್ತುಗಳ ವಿಷಯ ಬಂದಾಗ ಕಾಲ ಇವನ ಪರವಾಗಿದೆ. ಪಾಯೆಸ್ ಕಂಡ ಬುಟ್ಟಿಯಾಕಾರದ ದೋಣಿಗಳಿಗೆ ಹೊರಗಡೆ ತೊಗಲು ಹೊದಿಸಿತ್ತು. ಇಂದಿನ ಹರಿಗೋಲಿಗೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿರುವುದರಿಂದ ಆತ ನಿಶ್ಚಿಂತನಾಗಿ ತುಂಗಭದ್ರೆಯನ್ನು ದಾಟುತ್ತಾನೆ. ಹಂಪಿ ಉತ್ಸವದ ಸಂಜೆ ಮಾತ್ರ ಈ ನಿಶ್ಚಿಂತೆ ಕದಡುತ್ತದೆ, ಏಕೆಂದರೆ ಅಲ್ಲಿ ಆಡಿಸುವ ತೊಗಲುಗೊಂಬೆಗಳನ್ನು ಮಾಡುವುದು ಕೂದಲು ಹೆರೆದು, ಬೆಳಕು ಹಾಯುವಷ್ಟು ತೆಳುವಾಗಿಸಿ, ಬಣ್ಣ ಬಳಿದ ಆಡಿನ ಚರ್ಮದಿಂದ. ಪರದೆಯ ಮೇಲೆ ರಾಮ ಮಾಯಾಜಿಂಕೆಯನ್ನು ಬೆನ್ನಟ್ಟುತ್ತಿರುವಾಗ, ಬಾಣ ಬಿಡುವವನೂ ಚರ್ಮ, ಬಾಣ ತಿನ್ನುವುದೂ ಚರ್ಮವೆಂದು ಆತ ಪಕ್ಕದವರಿಗೆ ಪಿಸುಗುಟ್ಟಿ, ಆಟ ಮುಗಿಯುವವರೆಗೂ ಕದಲದೆ ಕೂತಿರುತ್ತಾನೆ.

ಇವನ ವಾದದಲ್ಲಿ ಹುರುಳಿಲ್ಲವೆಂದು ತಿಳಿಯಬಾರದು. ಎಮ್ಮೆ ಹಾಲು ಕೊಡಬೇಕಾದರೆ ಈಯಬೇಕು, ಈದರೆ ಅರ್ಧಕ್ಕರ್ಧ ಗಂಡುಕರುಗಳೇ ಹುಟ್ಟಬೇಕು, ಕಂಪ್ಲಿಯ ಗದ್ದೆಗಳಿಗೆ ಟ್ರ್ಯಾಕ್ಟರ್ ಇಳಿದ ಮೇಲೆ ಆ ಗಂಡುಕರುವಿಗೆ ನೊಗವೂ ಇಲ್ಲ, ತಾಯಿಯ ಕೆಚ್ಚಲಿನಲ್ಲಿ ಪೂರ್ತಿ ಪಾಲೂ ಇಲ್ಲ. ಹಾಲಿನ ಲೋಟದ ಹಿಂದಿರುವ ಈ ಲೆಕ್ಕವನ್ನು ಸಸ್ಯಾಹಾರದ ಹೆಮ್ಮೆಯುಳ್ಳವರು ಎದುರಿಸಲೇಬೇಕು. ಆದರೆ ಆತ ಇದನ್ನು ಹೇಳುವುದು ಮದುವೆಯ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಹಾಕಲು ಬಗ್ಗಿದ ಹುಡುಗನಿಗೆ. ಎರಡು ಎಮ್ಮೆ ಕಟ್ಟಿ, ಡೇರಿಗೆ ಹಾಲು ಹಾಕಿ, ಮಗಳ ಕಾಲೇಜಿನ ಫೀಸು ಕಟ್ಟುವ ಪಕ್ಕದ ಮನೆಯ ಅಕ್ಕನ ಮುಂದೆ ಮಾತ್ರ ಹವಾಮಾನದ ಬಗ್ಗೆ ಮಾತಾಡುತ್ತಾನೆ.

ಕೊನೆಯ ಲಕ್ಷಣ ಔಷಧದಂಗಡಿಯಲ್ಲಿ ಪ್ರಕಟವಾಗುತ್ತದೆ. ನರಗಳಿಗೂ ರಕ್ತಕ್ಕೂ ಅಗತ್ಯವಾದ ಬಿ12 ಜೀವಸತ್ವ ಗಿಡಮೂಲದ ಆಹಾರದಲ್ಲಿ ನೆಚ್ಚಿಕೊಳ್ಳುವಷ್ಟು ಸಿಗದುದರಿಂದ ವೀಗನ್ ಆದವನು ಅದನ್ನು ಹೊರಗಿನಿಂದ ತೆಗೆದುಕೊಳ್ಳಲೇಬೇಕು. ಕಾರ್ಖಾನೆಯಲ್ಲಿ ಅದನ್ನು ಬ್ಯಾಕ್ಟೀರಿಯಾಗಳಿಂದ ತಯಾರಿಸುವುದರಿಂದ ತಕರಾರಿಗೆ ಎಡೆಯಿಲ್ಲ. ತಕರಾರು ಬರುವುದು ಹೊದಿಕೆಯಲ್ಲಿ. ಕ್ಯಾಪ್ಸೂಲಿನ ಚಿಪ್ಪು ಸಾಮಾನ್ಯವಾಗಿ ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆದ ಜೆಲಾಟಿನ್. ಎಷ್ಟೋ ಮಾತ್ರೆಗಳಲ್ಲಿ ಸೇರಿಸುವ ಲ್ಯಾಕ್ಟೋಸ್ ಹಾಲಿನ ಸಕ್ಕರೆ. ಹಿಂದೆ ಸಾಲು ಬೆಳೆಯುತ್ತಿರುವಾಗ ಆತ ಒಂದೊಂದೇ ಚೀಟಿಯ ಸಣ್ಣ ಅಕ್ಷರಗಳನ್ನು ಓದಿ ಹಿಂದಿರುಗಿಸುತ್ತ ಹೋದಂತೆ, ಅಂಗಡಿಯಾತ ತಾಳ್ಮೆಯಿಂದ, “ಇಂಜೆಕ್ಷನ್ ಐತಿ, ಅದರಾಗ ಏನೂ ಕಲಬೆರಕಿ ಇಲ್ರಿ, ಸೂಜಿ ಸ್ಟೀಲಿಂದು” ಎನ್ನುತ್ತಾನೆ.